ಇರಾನ್–ಸೌದಿ ವೈರಕ್ಕೆ ಪಂಥಭೇದವೇ ಕಾರಣವೇ?

ಇರಾನ್ ಮತ್ತು ಸೌದಿ ಅರೇಬಿಯಾದ ವೈರಕ್ಕೆ ಶಿಯಾ–ಸುನ್ನಿ ಭೇದವೇ ಮೂಲವೇ ಎಂದು ಕೇಳಿದ್ದೀರಿ. ಇರಾನಿನಲ್ಲಿ ಶಿಯಾಗಳು, ಸೌದಿಯಲ್ಲಿ ಸುನ್ನಿಗಳು ಬಹುಸಂಖ್ಯಾತರು. ಇಸ್ಲಾಮಿನ ಈ ಎರಡು ಪಂಥಗಳ ಭೇದ ಹಳೆಯದು, ನಿಜ: 632ರಲ್ಲಿ ಪ್ರವಾದಿಯವರು ತೀರಿಕೊಂಡ ಮೇಲೆ ಉತ್ತರಾಧಿಕಾರಿ ಯಾರೆಂಬ ತಕರಾರಿನಿಂದ ಹುಟ್ಟಿ, ಪ್ರವಾದಿಯವರ ಮೊಮ್ಮಗ ಹುಸೇನ್ ಹತರಾದ 680ರ ಕರ್ಬಲಾ ಕಾಳಗದ ನಂತರ ಗಟ್ಟಿಯಾಯಿತು. ಆದರೆ ಈಗಿನ ವೈರಕ್ಕೆ 1979ರ ಇರಾನ್ ಕ್ರಾಂತಿಯೇ ಹತ್ತಿರದ ಕಾರಣ. ಅದಕ್ಕೂ ಮೊದಲು, ಇರಾನಿನ ದೊರೆ ಶಾ ಆಳುತ್ತಿದ್ದಾಗ, ಎರಡೂ ದೇಶಗಳು ಅಮೆರಿಕದ ಆಪ್ತರೇ ಆಗಿದ್ದವು. ಪಂಥ ಆಗಲೂ ಬೇರೆಯೇ ಇತ್ತಲ್ಲ! ಕ್ರಾಂತಿಯು ರಾಜಪ್ರಭುತ್ವವನ್ನೇ ಪ್ರಶ್ನಿಸಿದ್ದು ರಿಯಾದ್‌ನ ಸೌದಿ ದೊರೆಗಳ ನಿದ್ದೆಗೆಡಿಸಿತು. 1980–88ರ ಇರಾನ್–ಇರಾಕ್ ಯುದ್ಧದಲ್ಲಿ ಇರಾಕಿನ ಶಿಯಾ ಸೈನಿಕರು ಶಿಯಾ ಇರಾನಿನ ವಿರುದ್ಧವೇ ಹೋರಾಡಿದರು. ಇರಾನಿನ ಬೆಂಬಲ ಪಡೆಯುವ ಪ್ಯಾಲೆಸ್ತೀನಿನ ಹಮಾಸ್ ಸುನ್ನಿ ಸಂಘಟನೆ. ಹಾಗೆಂದು ಪಂಥ ಬರೀ ನೆಪ ಎನ್ನಲಾರೆ. 2003ರಲ್ಲಿ ಅಮೆರಿಕ ದಾಳಿ ಮಾಡಿ ಸದ್ದಾಂ ಸರ್ಕಾರವನ್ನು ಉರುಳಿಸಿದ ನಂತರದ ಇರಾಕಿನಲ್ಲಿ ಅಧಿಕಾರದ ಹಂಚಿಕೆ ನಡೆದದ್ದು ಬಹುಮಟ್ಟಿಗೆ ಪಂಥ ಮತ್ತು ಜನಾಂಗದ ಲೆಕ್ಕದಲ್ಲಿಯೇ.