ವೆಲ್ಡಿಂಗ್ ಮಾಡಿದ ದಿನ ರಾತ್ರಿ ಕಣ್ಣು ಉರಿಯುತ್ತದೆ. ಕಪ್ಪು ಕನ್ನಡಕ ಸಾಲದೇ?

ಸಾಲದು. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕ ವೆಲ್ಡಿಂಗ್‌ಗೆ ಅಲ್ಲವೇ ಅಲ್ಲ.

ಹಗಲಲ್ಲಿ ಏನೂ ಆಗದೆ ನಡುರಾತ್ರಿ ಕಣ್ಣಿಗೆ ಮರಳು ಬಿದ್ದಂತಾಗುತ್ತದೆ, ಕತ್ತಿನ ಚರ್ಮ ಸಿಪ್ಪೆ ಏಳುತ್ತಿದೆ ಎಂದು ಬರೆದಿದ್ದೀರಿ. ಎರಡಕ್ಕೂ ಕಾರಣ ಒಂದೇ, ಆರ್ಕ್‌ನಿಂದ, ಅಂದರೆ ವೆಲ್ಡಿಂಗ್ ರಾಡ್‌ನ ತುದಿಯಲ್ಲಿ ಹೊಳೆಯುವ ವಿದ್ಯುತ್ ಬೆಳಕಿನಿಂದ, ಹೊರಡುವ ನೇರಳಾತೀತ ಕಿರಣ. ಅದು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ಸುಡುತ್ತದೆ. ನೋವು ಶುರುವಾಗುವುದು ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ. ಹಾಗಾಗಿಯೇ ಎಷ್ಟೋ ಹುಡುಗರು ಅದನ್ನು ಧೂಳಿನ ಮೇಲೋ ನಿದ್ದೆಗೆಟ್ಟದ್ದರ ಮೇಲೋ ಹಾಕಿಬಿಡುತ್ತಾರೆ.

ಶಿವಮೊಗ್ಗದಲ್ಲಿ ಗೇಟು, ಗ್ರಿಲ್, ಅಡಿಕೆ ಶೆಡ್‌ಗಳ ಕೆಲಸ ಮಾಡಿಸುವವನು ನಾನು. ಉದ್ದಕ್ಕೆ ಬೆಸುಗೆ ಎಳೆಯುವಾಗ ಎಲ್ಲರೂ ಮುಖಕ್ಕೆ ಕಪ್ಪು ಗಾಜಿನ ಶೀಲ್ಡ್ ಹಿಡಿಯುತ್ತಾರೆ. ಕಣ್ಣು ಕೆಡುವುದು ಟ್ಯಾಕ್ ಹೊಡೆಯುವಾಗ, ಅಂದರೆ ತುಂಡುಗಳು ಅಲುಗದಂತೆ ಮೊದಲು ಚುಕ್ಕೆ ಬೆಸುಗೆ ಇಡುವಾಗ. ಒಂದು ಕೈಯಲ್ಲಿ ಪೈಪ್, ಇನ್ನೊಂದರಲ್ಲಿ ರಾಡ್ ಸಿಕ್ಕಿಸಿದ ಹೋಲ್ಡರ್, ಶೀಲ್ಡ್ ಹಿಡಿಯಲು ಮೂರನೆಯ ಕೈ ಇಲ್ಲ. ಕಣ್ಣು ಮುಚ್ಚಿ ಮುಖ ತಿರುಗಿಸಿ ಒಂದು ಚುಕ್ಕೆ ಇಟ್ಟುಬಿಡುತ್ತಾರೆ. ದಿನಕ್ಕೆ ಅಂಥವು ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಇನ್ನೊಂದು ಪಕ್ಕದವನ ಆರ್ಕ್. ಮಳೆಗಾಲದಲ್ಲಿ ಕೆಲಸವೆಲ್ಲ ಶೆಡ್ಡಿನೊಳಗೆ ನಡೆಯುವುದರಿಂದ ಬೆಳಕು ಹೊಳೆಯುವ ತಗಡಿಗೂ ಗೋಡೆಗೂ ಬಡಿದು ಹಿಂಬದಿಯಿಂದಲೂ ಕಣ್ಣಿಗೆ ಬರುತ್ತದೆ. ನಡುವೆ ಒಂದು ದಪ್ಪ ಪರದೆ ಕಟ್ಟಿಸಲು ಮಾಲೀಕರನ್ನು ಕೇಳಿ. ನೋಡುತ್ತ ನಿಲ್ಲುವ ಗಿರಾಕಿ ಮತ್ತು ಮಕ್ಕಳನ್ನು ದೂರ ಕಳುಹಿಸಿ, ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಹಾಗಾಗಿ ಕೈಯಲ್ಲಿ ಹಿಡಿಯುವ ಶೀಲ್ಡ್ ಬಿಟ್ಟು ತಲೆಗೆ ಹಾಕುವ ಹೆಲ್ಮೆಟ್ ಕೊಳ್ಳಿ. ನಮ್ಮ ಕಡೆ ಹೆಚ್ಚು ಬಳಕೆಯ 2.5 ಮತ್ತು 3.15 ಮಿ.ಮೀ. ರಾಡ್‌ಗೆ ಗಾಜಿನ ಶೇಡ್, ಅಂದರೆ ಕಪ್ಪಿನ ನಂಬರ್, 10 ಅಥವಾ 11 ಇರಬೇಕು. ಗ್ಯಾಸ್ ಕಟಿಂಗ್‌ಗೆ 5 ಸಾಕು. ಆ ಗಾಜಿನಲ್ಲಿ ಆರ್ಕ್ ನೋಡಬಾರದು. ನಂಬರ್ ಇಲ್ಲದ ಅಗ್ಗದ ಕಪ್ಪು ಗಾಜನ್ನು ಮುಟ್ಟಬೇಡಿ: ಕಪ್ಪಾಗಿರುವುದರಿಂದ ಕಣ್ಣಿನ ಪಾಪೆ ಹಿಗ್ಗುತ್ತದೆ, ಕಿರಣವನ್ನು ಮಾತ್ರ ಅದು ತಡೆಯುತ್ತದೆಂಬ ಖಾತರಿಯಿಲ್ಲ. ತಾನಾಗಿ ಕಪ್ಪಾಗುವ ಆಟೋ ಡಾರ್ಕ್ ಹೆಲ್ಮೆಟ್ ಟ್ಯಾಕ್ ಹೊಡೆಯುವವರಿಗೆ ವರದಾನ. ಒಳ್ಳೆಯದಾದರೆ ಗಾಜು ತಿಳಿಯಾಗಿರುವಾಗಲೂ ನೇರಳಾತೀತ ಕಿರಣವನ್ನು ತಡೆಯುತ್ತದೆ. ಅದರ ಸೆನ್ಸರ್ ಮೇಲೆ ಕಿಡಿ ಅಂಟಿದ್ದರೆ ಒರೆಸಿಕೊಳ್ಳಿ. ಗ್ರೈಂಡಿಂಗ್‌ಗೂ ಬೆಸುಗೆಯ ಮೇಲೆ ಗಟ್ಟಿಯಾದ ಪದರ (ಸ್ಲ್ಯಾಗ್) ಬಡಿಯುವುದಕ್ಕೂ ಬೇರೆ ಬಿಳಿ ಕನ್ನಡಕ ಬೇಕು.

ಚರ್ಮದ ವಿಷಯ: ಮಾರ್ಚ್, ಏಪ್ರಿಲ್‌ನಲ್ಲಿ ಮಳೆಗೆ ಮುಂಚೆ ಚಾವಣಿ ಮುಗಿಸುವ ಅವಸರದಲ್ಲಿ ಹುಡುಗರು ಸೆಕೆಗೆ ಪಾಲಿಯೆಸ್ಟರ್ ಜೆರ್ಸಿ ಹಾಕಿಕೊಂಡು ಬರುತ್ತಾರೆ. ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟುತ್ತದೆ. ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಕತ್ತಿನ ಗುಂಡಿ ಹಾಕಿರಬೇಕು. ನಿಮ್ಮ ಸಿಪ್ಪೆ ಏಳುವುದಕ್ಕೆ ಆ ಬಿಚ್ಚಿದ ಗುಂಡಿಯೇ ಕಾರಣವಿದ್ದೀತು. ಚರ್ಮದ ಗ್ಲೌಸ್, ಏಪ್ರನ್, ಮುಚ್ಚಿದ ಬೂಟು. ಮಡಚಿದ ಪ್ಯಾಂಟಿನೊಳಗೆ ಕಿಡಿ ಕೂರುತ್ತದೆ. ಮಳೆಯಲ್ಲಿ ನೆನೆದ ಗ್ಲೌಸ್ ಹಾಕಿಕೊಂಡರೆ ಕರೆಂಟ್ ಹೊಡೆಯಬಹುದು, ಒಣಗಿದ ಜೋಡಿ ಇನ್ನೊಂದು ಇಟ್ಟುಕೊಳ್ಳಿ. ಇದನ್ನೆಲ್ಲ ಅತಿಯೆಂದು ನಗುವವರಿದ್ದರೆ ಹೇಳಿ: 2017ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವೆಲ್ಡಿಂಗ್‌ನ ಹೊಗೆಯನ್ನೂ ನೇರಳಾತೀತ ಕಿರಣವನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಮತ್ತೆ ಕಣ್ಣು ಉರಿದರೆ ಉಜ್ಜಬೇಡಿ. ಎದೆಹಾಲು, ಹರಳೆಣ್ಣೆ ಇವ್ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಟ್ಟು ಕತ್ತಲಲ್ಲಿ ಮಲಗಿ. ಮರಗಟ್ಟಿಸುವ ಹನಿಗಳನ್ನು ಔಷಧದಂಗಡಿಯಿಂದ ತಂದು ಬಿಟ್ಟುಕೊಂಡರೆ ಗಾಯ ಮಾಯುವುದು ನಿಧಾನವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ದೃಷ್ಟಿ ಮಂಜಾದರೆ, ನೋವು ಹೆಚ್ಚಿದರೆ ಅಥವಾ ಒಂದೇ ಕಣ್ಣಿನಲ್ಲಿ ಚುಚ್ಚುತ್ತಿದ್ದರೆ ಕಾಯಬೇಡಿ, ಕಣ್ಣಿನ ವೈದ್ಯರಲ್ಲಿಗೆ ಅಂದೇ ಹೋಗಿ. ಒಂದೇ ಕಣ್ಣಾದರೆ ಗ್ರೈಂಡರ್‌ನ ಕಬ್ಬಿಣದ ಚೂರು ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಅದನ್ನು ಬಟ್ಟೆಯ ತುದಿಯಿಂದ ತೆಗೆಯಲು ಹೊರಡುವ ಗೆಳೆಯರು ಪ್ರತಿ ಅಂಗಡಿಯಲ್ಲೂ ಒಬ್ಬರಿರುತ್ತಾರೆ, ಅವರ ಕೈಗೆ ಮಾತ್ರ ಕಣ್ಣು ಕೊಡಬೇಡಿ.