ಸ್ಟಟ್‌ಹೌಡರ್ ಅಂದರೆ ಮೇಯರ್ ಅಲ್ಲ

ಮನೆ ಹತ್ತಿರದ ಫಲಕದಲ್ಲಿ ‘ಸ್ಟಟ್‌ಹೌಡರ್ಸ್‌ಕಾಡೆ’ ಅಂತಿದೆ, ‘ಸ್ಟಟ್’ ಅಂದರೆ ಊರು, ‘ಹೌಡರ್’ ಅಂದರೆ ಹಿಡಿದವನು, ಹಾಗಾದರೆ ಹಳೇ ಕಾಲದ ಮೇಯರಾ ಅಂತ ಕೇಳಿದ್ದೀರಿ. ಆಮ್‌ಸ್ಟರ್‌ಡ್ಯಾಮಿಗೆ ಹೊಸದಾಗಿ ಬಂದು ಡಚ್ ಕಲಿಯೋರು ಎಡವೋದೇ ಇಲ್ಲಿ. ಮೇಯರಿಗೆ ಇಲ್ಲಿ ‘ಬುರ್ಗಮೇಸ್ಟರ್’ ಅಂತಾರೆ. ‘ಕಾಡೆ’ ಅಂದರೆ ಕಾಲುವೆ ದಂಡೆ, ಅಷ್ಟೇ.

ಈ ಪದದೊಳಗಿನ ‘ಸ್ಟಟ್’ ಊರಲ್ಲ, ಜಾಗ. ಅದರ ಹಳೇ ಅರ್ಥವೇ ಅದು. ಊರು ಅನ್ನೋ ಅರ್ಥ ಆಮೇಲೆ ಬಂದದ್ದು. ನಮ್ಮ ‘ಸ್ಥಾನ’, ‘ಸ್ಥಿತಿ’ಗೂ ಅದಕ್ಕೂ ಮೂಲ ಧಾತು ಒಂದೇ. ಸ್ಟಟ್‌ಹೌಡರ್ ಅಂದರೆ ಇನ್ನೊಬ್ಬರ ಜಾಗದಲ್ಲಿ ಕೂತವನು. ಲೆಫ್ಟಿನೆಂಟ್ ಗವರ್ನರ್ ಅಂತೀವಲ್ಲ, ಆ ‘ಲೆಫ್ಟಿನೆಂಟ್’ ಕೂಡ ಫ್ರೆಂಚಿನಲ್ಲಿ ಇದೇ ಅರ್ಥದ್ದು.

ಯಾರ ಜಾಗದಲ್ಲಿ? 15ನೇ ಶತಮಾನದಲ್ಲಿ ಈಗಿನ ನೆದರ್ಲೆಂಡ್ಸಿನ ಹಾಲೆಂಡ್, ಝೀಲೆಂಡ್ ಮುಂತಾದ ಪ್ರಾಂತ್ಯಗಳು ಬರ್ಗಂಡಿಯ ಡ್ಯೂಕರ ಕೈಸೇರಿದವು. ಒಬ್ಬ ದೊರೆ ಎಲ್ಲ ಕಡೆ ಇರೋಕಾಗುತ್ತಾ? ತನ್ನ ಪರವಾಗಿ ನೋಡಿಕೊಳ್ಳಲಿ ಅಂತ ಒಬ್ಬೊಬ್ಬ ಸರದಾರನನ್ನು ನೇಮಿಸಿದ. ಆಮೇಲೆ ಆಳಿದ ಹ್ಯಾಬ್ಸ್‌ಬರ್ಗ್ ರಾಜವಂಶದವರೂ ಅದೇ ಪದ್ಧತಿ ಇಟ್ಟುಕೊಂಡರು. 1559ರಲ್ಲಿ ಅದೇ ವಂಶದ ಸ್ಪೇನಿನ ರಾಜ ಎರಡನೇ ಫಿಲಿಪ್, ಆರೆಂಜಿನ ವಿಲಿಯಂನನ್ನು ಹಾಲೆಂಡ್, ಝೀಲೆಂಡ್, ಉಟ್ರೆಕ್ಟ್‌ಗಳ ಸ್ಟಟ್‌ಹೌಡರ್ ಮಾಡಿದ.

ಮಜಾ ಇರೋದು ಮುಂದೆ. ಅದೇ ವಿಲಿಯಂ ಫಿಲಿಪ್ ವಿರುದ್ಧ ಎದ್ದ ದಂಗೆಯ ನಾಯಕನಾದ. 1572ರಲ್ಲಿ ಡೋರ್ಡ್ರೆಕ್ಟಿನಲ್ಲಿ ಸೇರಿದ ಹಾಲೆಂಡಿನ ಸಭೆ, ಇವನೇ ಈಗಲೂ ರಾಜನ ಸ್ಟಟ್‌ಹೌಡರ್ ಅಂತ ಒಪ್ಪಿತು. ಅಂದರೆ ರಾಜನ ಹೆಸರಲ್ಲೇ ರಾಜನ ಮೇಲೆ ಯುದ್ಧ! ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಹಾಡೋ ಡಚ್ ರಾಷ್ಟ್ರಗೀತೆಯಲ್ಲಿ ವಿಲಿಯಂನ ಮಾತಾಗಿ ‘ಸ್ಪೇನಿನ ರಾಜನನ್ನು ಸದಾ ಗೌರವಿಸಿದ್ದೇನೆ’ ಅಂತ ಬರೋದು ಈ ನೆಪದಿಂದಲೇ. 1581ರಲ್ಲಿ ಫಿಲಿಪ್‌ನನ್ನು ಅಧಿಕೃತವಾಗಿ ಕೈಬಿಟ್ಟರು, ಹುದ್ದೆಯನ್ನು ಬಿಡಲಿಲ್ಲ. ದೊರೆಯೇ ಇಲ್ಲ, ದೊರೆಯ ಬದಲಿ ಮಾತ್ರ ಇದ್ದಾನೆ.

ಅಲ್ಲಿಂದ ನೇಮಕ ಪ್ರಾಂತ್ಯದ ಸಭೆಯದ್ದು. ಕಾಗದದ ಮೇಲೆ ಅವನು ಸಭೆಯ ನೌಕರ. ಆದರೆ ಎಷ್ಟೋ ಊರುಗಳ ಆಡಳಿತಗಾರರನ್ನು ಪಟ್ಟಿಯಿಂದ ಆರಿಸೋನು ಅವನೇ. ಸೇನೆಯ ಅಧಿಪತ್ಯ ಬೇರೆ ಹುದ್ದೆಯಾದರೂ ಸಾಮಾನ್ಯವಾಗಿ ಅವನಿಗೇ ಸಿಗುತ್ತಿತ್ತು. ಬೇಡ ಅನಿಸಿದಾಗ ಹಾಲೆಂಡ್ ಯಾರನ್ನೂ ನೇಮಿಸಲೇ ಇಲ್ಲ: 1650ರಿಂದ 1672, ಮತ್ತೆ 1702ರಿಂದ 1747. ಆಗಲೂ ಫ್ರೀಸ್‌ಲ್ಯಾಂಡಿನಲ್ಲಿ ಬೇರೊಬ್ಬ ಇದ್ದ. ಹಾಗಾಗಿ ಈ ಪದ ಓದಿದಾಗ ಯಾವ ಪ್ರಾಂತ್ಯ, ಯಾವ ವರ್ಷ ಅಂತ ಮೊದಲು ನೋಡಿ. ಕನ್ನಡದಲ್ಲಿ ‘ರಾಜ್ಯಪಾಲ’ ಅಂದರೆ 1572ರವರೆಗೆ ನಡೆದೀತು. ಆಮೇಲಿನವರಿಗೆ ಡಚ್ ಪದವನ್ನೇ ಇಟ್ಟುಕೊಳ್ಳೋದು ವಾಸಿ.

ಡಚ್ ಗಣರಾಜ್ಯದ ಏಳೂ ಪ್ರಾಂತ್ಯಕ್ಕೆ ಒಬ್ಬನೇ, ಅದೂ ವಂಶಪಾರಂಪರ್ಯವಾಗಿ ಆದದ್ದು 1747ರಲ್ಲಿ. 1795ರಲ್ಲಿ ಕೊನೆಯ ಸ್ಟಟ್‌ಹೌಡರ್ ಐದನೇ ವಿಲಿಯಂ ಇಂಗ್ಲೆಂಡಿಗೆ ಓಡಿಹೋದ. ಅವನ ಮಗ 1815ರಲ್ಲಿ ರಾಜನೇ ಆದ.

ಹೇಗ್‌ಗೆ ಹೋದರೆ ಒಂದು ಎಚ್ಚರ: ಮೌರಿಟ್ಸ್‌ಹೌಸ್ ಮ್ಯೂಸಿಯಂ ಕಟ್ಟಿಸಿದ್ದು ಆರೆಂಜಿನ ವಿಲಿಯಂನ ಮಗ, ಸ್ಟಟ್‌ಹೌಡರ್ ಮೌರಿಟ್ಸ್ ಅಲ್ಲ, ಬ್ರೆಜಿಲ್‌ನಲ್ಲಿ ಡಚ್ಚರ ಗವರ್ನರ್ ಆಗಿದ್ದ ಯೋಹಾನ್ ಮೌರಿಟ್ಸ್. ಆ ಸ್ಟಟ್‌ಹೌಡರನ ಹೆಸರು ಹೊತ್ತಿರೋದು ಮಾರಿಷಸ್ ದ್ವೀಪ.