ಕುದುರೆ ಮಸಾಲೆ ಮೇಯ್ದು ಹಸು ಹೋಯ್ತು, ಬೆಳೆ ಕಿತ್ತಾಕ್ಲಾ?

ಪ್ರಶ್ನೆ: ಸಾರ್, ಕುದುರೆ ಮಸಾಲೆ (ಲೂಸರ್ನ್ ಮೇವು) ಸೊಂಪಾಗಿ ಬಂದಿತ್ತು ಅಂತ ಬೆಳಗ್ಗೆ ಎದ್ದೋನೇ ಹಸುಗಳನ್ನ ಒಳಗೆ ಬಿಟ್ಟೆ, ಸ್ವಲ್ಪ ಹೊತ್ತಿಗೇ ಒಂದು ಹಸು ಹೊಟ್ಟೆ ಉಬ್ಬಿ ಬಿದ್ದೋಯ್ತು, ಉಳೀಲಿಲ್ಲ. ಬೆಳೆ ಕಿತ್ತಾಕ್ಬಿಡ್ಲಾ? ಗೊಬ್ಬರದ ಖರ್ಚು ಉಳಿಯುತ್ತೆ ಅಂತ ಬೇರೆ ಹಾಕಿದ್ದೆ, ಅದಾದ್ರೂ ನಿಜಾನಾ?

ಉತ್ತರ: ಓದಿ ತುಂಬಾ ಸಂಕಟ ಆಯ್ತು. ಆದ್ರೂ ಬೆಳೆ ಕೀಳ್ಬೇಡಿ. ಮೇವಲ್ಲಿ ವಿಷ ಇಲ್ಲ, ಖಾಲಿ ಹೊಟ್ಟೇಲಿ ಬಿಟ್ಟಿದ್ದೇ ಮುಳುವಾಗಿರೋದು. ಎಳೇ ಕುದುರೆ ಮಸಾಲೆ, ಕ್ಲೋವರ್ ಅನ್ನೋ ಮೇವು ಇವುಗಳಲ್ಲಿ ಬೇಗ ಕರಗೋ ಪ್ರೋಟೀನ್ ಜಾಸ್ತಿ, ಹಸಿದ ಹಸು ಗಬಗಬ ಅಂತ ತಿಂದಾಗ ಮೊದಲ ಹೊಟ್ಟೇಲಿ ಸೋಪಿನ ನೊರೆ ಥರ ನೊರೆ ಎದ್ದು ಗ್ಯಾಸೆಲ್ಲ ಅದರೊಳಗೇ ಸಿಕ್ಕಾಕೊಳ್ಳುತ್ತೆ, ತೇಗೋಕೇ ಆಗಲ್ಲ. ಎಡಪಕ್ಕೆ ಉಬ್ಬುತ್ತೆ, ಬೆರಳಲ್ಲಿ ತಟ್ಟಿದ್ರೆ ಡೊಳ್ಳಿನ ಸದ್ದು, ಹಸು ಹೊಟ್ಟೆಗೆ ಒದ್ಕೊಳ್ಳುತ್ತೆ, ಕೊನೆಗೆ ಒತ್ತಡಕ್ಕೆ ಉಸಿರು ಕಟ್ಟುತ್ತೆ. ಪಕ್ಕೆ ಏರಿದ್ದು ಕಂಡ ತಕ್ಷಣ ಹೊಲದಿಂದ ಈಚೆ ಹೊಡ್ಕೊಂಡು ಬಂದು ಡಾಕ್ಟರ್ನ ಕರೆಸಿ. ಎಣ್ಣೆ ನೊರೆ ಒಡೆಯುತ್ತೆ ನಿಜ, ಆದ್ರೆ ಒದ್ದಾಡ್ತಿರೋ ಹಸುಗೆ ಗೊಟ್ಟದಲ್ಲಿ ಸುರಿಯೋಕೆ ಹೋದ್ರೆ ಶ್ವಾಸಕೋಶಕ್ಕೆ ಇಳಿದುಬಿಡಬಹುದು, ಡಾಕ್ಟರ್ನ ಕೇಳದೆ ಮಾಡ್ಬೇಡಿ.

ಇನ್ಮೇಲೆ ಮೊದಲು ಒಣಹುಲ್ಲು ಹಾಕಿ, ಹೊಟ್ಟೆ ಅರ್ಧ ತುಂಬ್ಲಿ, ಇಬ್ಬನಿ ಆರಿದ್ಮೇಲೆ ಬಿಡಿ, ಮೊದಲ ದಿನ ಹತ್ತು ಹದಿನೈದು ನಿಮಿಷ ಸಾಕು, ಆಮೇಲೆ ದಿನದಿನಕ್ಕೂ ಹೆಚ್ಚಿಸ್ತಾ ಹೋಗಿ. ಹೂ ಬಿಡೋಕೆ ಶುರುವಾದ ಬೆಳೇಲಿ ಈ ಭಯ ಎಳೇದಕ್ಕಿಂತ ಕಮ್ಮಿ. ನನ್ನ ಕೇಳಿದ್ರೆ ಬರೀ ಕುದುರೆ ಮಸಾಲೆ ಹಾಕೋದಕ್ಕಿಂತ ಹುಲ್ಲು ಜೊತೆ ಸೇರಿಸಿ ಬಿತ್ತೋದೇ ಒಳ್ಳೇದು, ಅರ್ಧಕ್ಕರ್ಧ ಹುಲ್ಲಿರ್ಲಿ. ಸೇನ್‌ಫಾಯಿನ್ ಅಂತ ಇನ್ನೊಂದು ದ್ವಿದಳ ಮೇವಿದೆ, ಅದರಲ್ಲಿರೋ ಟ್ಯಾನಿನ್ ಅನ್ನೋ ಒಗರು ಅಂಶ ಪ್ರೋಟೀನನ್ನ ಹಿಡಿದಿಟ್ಕೊಳ್ಳೋದ್ರಿಂದ ನೊರೆ ಕಟ್ಟಲ್ಲ.

ಗೊಬ್ಬರದ ಮಾತು ನಿಜಾನೇ. ಒಂದು ಗಿಡಾನ ಮಣ್ಣು ಸಮೇತ ಮೆತ್ತಗೆ ಎತ್ತಿ ಬೇರು ನೋಡಿ, ಸಣ್ಣ ಸಣ್ಣ ಗಂಟು ಇರುತ್ತೆ, ಉಗುರಲ್ಲಿ ಸೀಳಿದ್ರೆ ಒಳಗೆ ಗುಲಾಬಿ ಬಣ್ಣ ಕಂಡ್ರೆ ಬ್ಯಾಕ್ಟೀರಿಯಾ ಗಾಳೀಲಿರೋ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತಿದೆ ಅಂತ ಅರ್ಥ, ಯೂರಿಯಾ ಸುರಿಯೋದು ಬೇಡ. ಬೂದು ಇಲ್ಲಾ ಹಸಿರು ಬಣ್ಣ ಇದ್ರೆ ಕೆಲಸ ನಡೀತಿಲ್ಲ, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಅನ್ನೋ ಆ ಬ್ಯಾಕ್ಟೀರಿಯಾ ಹಚ್ಚಿ ಬಿತ್ತಿ. ಒಂದು ಸಲ ಮೇಯಿಸಿದ್ಮೇಲೆ ನಾಲ್ಕೈದು ವಾರ ಆ ಜಾಗಕ್ಕೆ ದನ ಬಿಡ್ಬೇಡಿ, ಬೇರಲ್ಲಿ ಮತ್ತೆ ಶಕ್ತಿ ಕೂಡ್ಕೋಬೇಕು, ಇಲ್ಲಾಂದ್ರೆ ಗಿಡ ಸೊರಗಿ ಹೊಲದ ತುಂಬ ಕಳೆನೇ ಉಳಿಯೋದು.